ಎಡಿನ್‌ಬರೋದ ಪುಟಾಣಿ ಪತ್ತೇದಾರರು

ಸ್ಕಾಟ್ಲೆಂಡಿನ ರಾಜಧಾನಿಯಾದ ಎಡಿನ್‌ಬರೋ ನಗರಕ್ಕೆ ಬಂದಿಳಿದ ಪ್ರವಾಸಿಗನ ಕಣ್ಣಿಗೆ ಮೊದಲು ಬೀಳುವುದು ಬಂಡೆಯ ನೆತ್ತಿಯ ಮೇಲೆ ಕುಳಿತ ಕೋಟೆ. ಅದರ ಬುಡದಿಂದ ಹೊರಟ ಹಳೆಯ ರಾಜಬೀದಿ ಇಳಿಜಾರಿನಲ್ಲಿ ಸಾಗಿ ಹಾಲಿರೂಡ್ ಅರಮನೆಯನ್ನು ಸೇರುತ್ತದೆ. ಇಕ್ಕೆಲಗಳಲ್ಲಿ ಕಪ್ಪಿಟ್ಟ ಕಲ್ಲಿನ ಎತ್ತರದ ಮನೆಗಳು. ಅವುಗಳ ನಡುವೆ ಎದುರು ಬಂದವರ ಭುಜ ತಾಗುವಂಥ ಓಣಿಗಳು. ಸಮುದ್ರದ ಕಡೆಯಿಂದ ಮಂಜು ಕವಿದ ಸಂಜೆಯಲ್ಲಂತೂ, ಪತ್ತೇದಾರಿ ಕಥೆಗೆ ಇದಕ್ಕಿಂತ ತಕ್ಕ ಊರಿಲ್ಲ ಎನ್ನಿಸಿದರೆ ಆಶ್ಚರ್ಯವಿಲ್ಲ.

ಆ ಭಾವನೆ ಸುಳ್ಳೂ ಅಲ್ಲ. ಷೆರ್ಲಾಕ್ ಹೋಮ್ಸನ ಸೃಷ್ಟಿಕರ್ತರಾದ ಆರ್ಥರ್ ಕಾನನ್ ಡಾಯಲ್ 1859ರಲ್ಲಿ ಜನಿಸಿದ್ದು ಈ ನಗರದ ಪಿಕಾರ್ಡಿ ಪ್ಲೇಸಿನಲ್ಲಿ. ಆ ಮನೆ ಈಗಿಲ್ಲ. ಅದರ ನೆನಪಿಗೆಂದು 1991ರಲ್ಲಿ ನಿಲ್ಲಿಸಿದ ಹೋಮ್ಸನ ಪ್ರತಿಮೆಯುಂಟು. ಡಾಯಲ್ ವೈದ್ಯಶಾಸ್ತ್ರವನ್ನು ಓದಿದ್ದೂ ಇಲ್ಲಿಯೇ. ಅವರ ಗುರು ಶಸ್ತ್ರವೈದ್ಯ ಜೋಸೆಫ್ ಬೆಲ್ಲರು ರೋಗಿ ಬಾಯಿ ತೆರೆಯುವ ಮೊದಲೇ ಅವನ ವೃತ್ತಾಂತವನ್ನು ಹೇಳಿಬಿಡುತ್ತಿದ್ದರಂತೆ. ಒಮ್ಮೆ ಬಂದ ರೋಗಿಯನ್ನು ನೋಡಿ, ಅವನು ಈಚೆಗೆ ಸೈನ್ಯದಿಂದ ಬಿಡುಗಡೆಯಾದವನೆಂದೂ ಬಾರ್ಬಡೋಸ್ ದ್ವೀಪದಲ್ಲಿ ಇದ್ದವನೆಂದೂ ತಿಳಿಸಿದರು. ವಿನಯವಂತನಾದರೂ ಅವನು ಟೋಪಿ ತೆಗೆಯಲಿಲ್ಲ. ಅದು ಸೈನ್ಯದ ರೂಢಿ. ಅವನಿಗಿದ್ದದ್ದು ಆನೆಕಾಲು ರೋಗ. ಅದು ಆ ದ್ವೀಪಗಳ ಕಡೆಯದು, ಬ್ರಿಟನ್ನಿನದಲ್ಲ. ಚಮತ್ಕಾರಕ್ಕಿಂತ ಮಿಗಿಲಾದದ್ದು ಇಲ್ಲೊಂದಿತ್ತು: ಬೆಲ್ಲರು ಪ್ರತಿಯೊಂದು ಮಾತಿಗೂ ಕಾರಣವನ್ನು ಕೊಡುತ್ತಿದ್ದರು.

ಅಂದು ವೈದ್ಯ ವಿದ್ಯಾರ್ಥಿಗಳಿಗೆ ದೊರೆತ ಈ ಪಾಠವನ್ನು ಇಂದು ಬ್ರಿಟನ್ನಿನ ಹಲವು ಪ್ರಾಥಮಿಕ ಶಾಲೆಗಳಲ್ಲಿ ಎಂಟು ಹತ್ತು ವರ್ಷದ ಮಕ್ಕಳು ಆಟವಾಗಿ ಕಲಿಯುತ್ತಾರೆ. ಸ್ಕಾಟ್ಲೆಂಡಿಗೆ ಕಥೆಯ ಮೂಲಕ ಪಾಠ ಹೇಳುವ ಪದ್ಧತಿ ಹೊಸದಲ್ಲ. 1965ರಲ್ಲಿ ಅಲ್ಲಿನ ಪ್ರಾಥಮಿಕ ಶಿಕ್ಷಣಕ್ಕೆ ಹೊಸ ಮಾರ್ಗಸೂಚಿ ಬಂದ ಮೇಲೆ, ಗ್ಲಾಸ್ಗೋ ನಗರದ ಜೋರ್ಡನ್‌ಹಿಲ್ ಶಿಕ್ಷಕರ ಕಾಲೇಜಿನವರು ಗಣಿತ, ಭಾಷೆ, ವಿಜ್ಞಾನಗಳನ್ನು ಒಂದೇ ಕಥೆಯ ದಾರದಲ್ಲಿ ಪೋಣಿಸುವ ಕ್ರಮವನ್ನು ರೂಪಿಸಿದರು. ಕಳ್ಳತನದ ಕಥೆಗೆ ಅಂಥ ದಾರವಾಗುವ ಯೋಗ್ಯತೆ ಬೇಕಾದಷ್ಟಿದೆ.

ಪಾಠ ತೊಡಗುವುದು ಹೀಗೆ. ಬೆಳಿಗ್ಗೆ ಮಕ್ಕಳು ಬಂದು ನೋಡಿದರೆ ತರಗತಿಯ ಒಂದು ಮೂಲೆಗೆ ಅಡ್ಡಪಟ್ಟಿ ಬಿಗಿದಿದೆ. ಎಲ್ಲರ ಮುದ್ದಿನ ಗೊಂಬೆ ಕರಡಿ ಮಾಯ! ನೆಲದ ಮೇಲೆ ಬಿಳಿಯ ಪುಡಿ, ಅದರಲ್ಲಿ ಒಂದು ಬೂಟಿನ ಗುರುತು. ಮೇಜಿನ ಮೇಲೆ ಕಪ್ಪು ಮಸಿಯಲ್ಲಿ ಬರೆದ ಚೀಟಿ, ಒಂದು ಗಾಜಿನ ಲೋಟ. ಮುಖ್ಯೋಪಾಧ್ಯಾಯರು, ಅಡಿಗೆಯಾಕೆ, ಶಾಲೆಯ ಜವಾನ, ಇವರೇ ಶಂಕಿತರು. ಮೂವರೂ ಆಟಕ್ಕೆ ಒಪ್ಪಿದವರೇ. ರಕ್ತ, ಕೊಲೆಗಳ ಸುದ್ದಿಯಿಲ್ಲ. ಅಂಜುವ ಮಕ್ಕಳಿದ್ದರೆ ಇದು ಆಟವೆಂದು ಮೊದಲೇ ತಿಳಿಸುವುದುಂಟು.

ಇನ್ನು ಕೆಲಸಕ್ಕೇನು ಕಡಮೆ? ಬಿಳಿಯ ಪುಡಿಗೆ ವಿನಿಗರ್ ಹನಿಸಿದಾಗ ನೊರೆಯುಕ್ಕಿದರೆ ಅದು ಅಡಿಗೆ ಸೋಡ. ಅಯೋಡಿನ್ ತಾಗಿ ಕಡುನೀಲಿಯಾದರೆ ಹಿಟ್ಟು. ಚೀಟಿಯ ಅಂಚನ್ನು ನೀರಿಗೆ ತಾಗಿಸಿದರೆ ಕಪ್ಪು ಮಸಿ ಹರಡಿ ನೀಲಿ, ಕೆಂಪು, ಹಳದಿಗಳಾಗಿ ಬೇರ್ಪಡುತ್ತದೆ. ಒಂದೊಂದು ಲೇಖನಿಯ ಮಸಿಗೆ ಒಂದೊಂದು ಬಣ್ಣದ ಸಾಲು. ಬೂಟಿನ ಗುರುತಿನಿಂದ ಕಳ್ಳನ ಎತ್ತರವನ್ನು ಊಹಿಸಲು ಮಕ್ಕಳು ಮೊದಲು ತಮ್ಮ ತಮ್ಮ ಪಾದವನ್ನೂ ಎತ್ತರವನ್ನೂ ಅಳೆದು ಪಟ್ಟಿ ಮಾಡುತ್ತಾರೆ. ಲೆಕ್ಕ ಎಲ್ಲರಿಗೂ ಒಂದೇ ಆಗಿ ಬರುವುದಿಲ್ಲ. ಅಂದಾಜಿಗೂ ನಿಶ್ಚಯಕ್ಕೂ ಇರುವ ಅಂತರ ಅಲ್ಲಿಯೇ ತಿಳಿಯುತ್ತದೆ.

ಅತ್ಯಂತ ಸಂಭ್ರಮದ್ದು ಬೆರಳಚ್ಚು. ಪೆನ್ಸಿಲಿನ ಸೀಸದ ಪುಡಿಯಲ್ಲಿ ಒತ್ತಿದ ಬೆರಳನ್ನು ಅಂಟುಪಟ್ಟಿಗೆ ತಾಗಿಸಿ, ಭೂತಗನ್ನಡಿಯ ಕೆಳಗಿಟ್ಟು, ನಮ್ಮ ಹಿರಿಯರು ಮಗುವಿನ ಬೆರಳ ತುದಿಯಲ್ಲಿ ಶಂಖ ಚಕ್ರಗಳನ್ನು ಎಣಿಸುವಂತೆ ಇವರೂ ಎಣಿಸುತ್ತಾರೆ. ಈ ವಿದ್ಯೆಗೂ ಸ್ಕಾಟ್ಲೆಂಡಿಗೂ ನಂಟುಂಟು. ಜಪಾನಿನಲ್ಲಿ ವೈದ್ಯರಾಗಿದ್ದ ಸ್ಕಾಟ್ಲೆಂಡಿನ ಹೆನ್ರಿ ಫಾಲ್ಡ್ಸ್, ಬೆರಳಚ್ಚಿನಿಂದ ಅಪರಾಧಿಯನ್ನು ಗುರುತಿಸಬಹುದೆಂದು 1880ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದರು. ಬಿಳಿಯ ಗೋಡೆ ಹತ್ತಿದವನ ಮಸಿಗೈ ಗುರುತು ನಿರಪರಾಧಿಯೊಬ್ಬನ ಮೇಲಿನ ಆರೋಪವನ್ನು ನೀಗಲು ನೆರವಾಯಿತೆಂದು ಅವರು ಆ ಪತ್ರದಲ್ಲಿಯೇ ತಿಳಿಸಿದ್ದರು. ಮುಂದೆ 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ತೆರೆದಾಗ ಅದರ ವಿಂಗಡಣೆಗೆ ಶ್ರಮಿಸಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಭಾರತೀಯರು.

ಆದರೆ ಜಾಣ ಉಪಾಧ್ಯಾಯಿನಿಯ ನಿಜವಾದ ಪಾಠ ಇರುವುದು ಮಕ್ಕಳ ಪುಸ್ತಕದ ನಡುವೆ ಎಳೆಸಿದ ಒಂದು ಗೆರೆಯಲ್ಲಿ. ಗೆರೆಯ ಎಡಕ್ಕೆ ‘ಕಂಡದ್ದು’, ಬಲಕ್ಕೆ ‘ಊಹಿಸಿದ್ದು’. ಪುಡಿ ಹಿಟ್ಟೆಂದು ತಿಳಿದೊಡನೆ, “ಅಡಿಗೆಯಾಕೆಯೇ ಕಳ್ಳಿ!” ಎಂದು ಕೂಗುವ ಹುಡುಗನೊಬ್ಬ ಯಾವ ತರಗತಿಯಲ್ಲಿಯೂ ಇದ್ದೇ ಇರುತ್ತಾನೆ. ಅಡಿಗೆಮನೆಗೆ ಬೇರೆ ಯಾರೂ ಹೋಗಲಾರರೆ ಎಂಬ ಒಂದು ಪ್ರಶ್ನೆಗೆ ಅವನ ಮಾತು ಎಡದಿಂದ ಬಲಕ್ಕೆ ಸರಿಯಬೇಕಾಗುತ್ತದೆ. ಮಧ್ಯಾಹ್ನ ಅವನಿಗೆ ಊಟ ಬಡಿಸುವವಳೂ ಆಕೆಯೇ ಅಲ್ಲವೆ!

ಆಟದಲ್ಲಿ ಇಷ್ಟಕ್ಕೆ ಮುಗಿಯುತ್ತದೆ. ಬಾಳಿನಲ್ಲಿ ಹಾಗಾಗುವುದಿಲ್ಲ. 1908ರಲ್ಲಿ ಗ್ಲಾಸ್ಗೋದಲ್ಲಿ ಶ್ರೀಮಂತ ವೃದ್ಧೆಯೊಬ್ಬಳ ಕೊಲೆಯಾಗಿ, ಆಕೆಯ ವಜ್ರದ ಪದಕ ಕಾಣೆಯಾಯಿತು. ಆಸ್ಕರ್ ಸ್ಲೇಟರ್ ಎಂಬ ಪರದೇಶಿ ಇಂಥದೇ ಪದಕವನ್ನು ಗಿರವಿಯಿಟ್ಟಿದ್ದನೆಂದು ಪೊಲೀಸರು ಅವನ ಬೆನ್ನುಹತ್ತಿದರು. ಅದು ಬೇರೆಯ ಪದಕ, ಕೊಲೆಗೆ ಮೊದಲೇ ಗಿರವಿಯಾದದ್ದು ಎಂದು ತಿಳಿದರೂ ಸಂಶಯ ಹಿಂದಿರುಗಲಿಲ್ಲ. 1909ರಲ್ಲಿ ಎಡಿನ್‌ಬರೋದ ಹೈಕೋರ್ಟಿನಲ್ಲಿ 15 ಮಂದಿ ಜೂರಿಗಳ ಪೈಕಿ 9 ಮಂದಿ ಅಪರಾಧಿಯೆಂದರು, ಒಬ್ಬರು ನಿರಪರಾಧಿಯೆಂದರು, ಉಳಿದ 5 ಮಂದಿಯ ಮತ ‘ಸಾಬೀತಾಗಿಲ್ಲ’ ಎಂದು. ಗಲ್ಲು ಶಿಕ್ಷೆ ಜೀವಾವಧಿಗೆ ಇಳಿಯಿತು. ಕಾನನ್ ಡಾಯಲ್ 1912ರಲ್ಲಿ ಅವನ ಪರವಾಗಿ ಕಿರುಹೊತ್ತಗೆಯನ್ನೇ ಬರೆದರು. ಆದರೂ ಸ್ಲೇಟರ್ 18 ವರ್ಷಕ್ಕೂ ಮಿಗಿಲಾಗಿ ಸೆರೆಯಲ್ಲಿದ್ದು 1927ರಲ್ಲಿ ಹೊರಬಂದ. ಮರುವರ್ಷ ತೀರ್ಪು ರದ್ದಾಯಿತು. ಹೋಮ್ಸನನ್ನು ಸೃಷ್ಟಿಸಿದ ಲೇಖನಿಗೂ ಒಬ್ಬ ನಿರಪರಾಧಿಯನ್ನು ಬೇಗನೆ ಬಿಡಿಸಲಾಗಲಿಲ್ಲ.

‘ಸಾಬೀತಾಗಿಲ್ಲ’ ಎಂಬ ಆ ಮೂರನೆಯ ತೀರ್ಪು ಸ್ಕಾಟ್ಲೆಂಡಿನ ನ್ಯಾಯಾಲಯಗಳಲ್ಲಿ ಶತಮಾನಗಳ ಕಾಲ ನಡೆದುಬಂದಿತ್ತು. ಅದನ್ನು ತೆಗೆದುಹಾಕುವ ಮಸೂದೆಗೆ ಅಲ್ಲಿನ ಶಾಸನಸಭೆ 2025ರಲ್ಲಿ ಒಪ್ಪಿಗೆಯಿತ್ತಿತು. ನ್ಯಾಯಾಲಯಕ್ಕೆ ಅದು ಬೇಡವಾಗಿರಬಹುದು. ತರಗತಿಯಲ್ಲಿ ಅದಕ್ಕೆ ಇನ್ನೂ ಸ್ಥಳವುಂಟು. ಕರಡಿ ಕೊನೆಗೆ ಯಾವುದೋ ಬೀರುವಿನಲ್ಲಿ ಸಿಕ್ಕಿ ಎಲ್ಲರೂ ನಗುತ್ತಾರೆ. ಅದಕ್ಕೆ ಮೊದಲು, ಸಾಕ್ಷ್ಯ ಸಾಲದೆಂದು ಕಂಡು, ‘ಇನ್ನೂ ಗೊತ್ತಾಗಿಲ್ಲ’ ಎಂದು ನಾಚಿಕೆಯಿಲ್ಲದೆ ಬರೆದ ಮಗು ಆ ದಿನದ ಪಾಠವನ್ನು ಪೂರ್ತಿಯಾಗಿ ಕಲಿತಂತೆಯೇ ಸರಿ.