ಎರಡು ಸಿನಿಮಾ, ಒಂದು ಕಾದಂಬರಿ, ಮೂರು ಸಾವು

ಪೇಪರ್‌ನಲ್ಲಿ ನಿಧನ ಸುದ್ದಿ ಓದುವವರಿಗೆಲ್ಲ ಒಂದು ಸಾಲು ಬಾಯಿಪಾಠ ಆಗಿರುತ್ತೆ. ‘ಮೃತರು ಪತ್ನಿ, ಇಬ್ಬರು ಪುತ್ರರು ಹಾಗೂ ಅಪಾರ ಬಂಧು ಬಳಗವನ್ನು ಅಗಲಿದ್ದಾರೆ.’ ಸತ್ತವರು ಯಾರೇ ಆಗಿರಲಿ, ಬಂಧು ಬಳಗ ಮಾತ್ರ ಯಾವಾಗಲೂ ಅಪಾರ. ಅರೆಕಾಲಿಕ ವರದಿಗಾರನಾದ ನಾನೂ ಈ ಸಾಲನ್ನು ಎಷ್ಟು ಸಲ ಟೈಪ್ ಮಾಡಿ ಕಳಿಸಿದ್ದೀನೋ ಲೆಕ್ಕ ಇಟ್ಟಿಲ್ಲ. ಹೆಸರು, ವಯಸ್ಸು, ಊರು, ಅಂತ್ಯಕ್ರಿಯೆ ಎಷ್ಟು ಗಂಟೆಗೆ, ಎಲ್ಲಿ. ಅಷ್ಟಕ್ಕೆ ಮುಗೀತು. ಜಾಗ ಇರೋದೂ ಅಷ್ಟೇ.

ಆದರೆ ಸಾವು ಅಲ್ಲಿಗೆ ಮುಗಿಯಲ್ಲ ಅಂತ ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತು. ಅಸಲಿ ಕಥೆ ಶುರುವಾಗೋದೇ ಆಮೇಲೆ. ಸಾಲ ಎಷ್ಟಿತ್ತು, ಜಮೀನು ಯಾರ ಹೆಸರಲ್ಲಿದೆ, ಯಾರು ಅತ್ತರು, ಯಾರು ಅಳಲಿಲ್ಲ, ಊಟಕ್ಕೆ ಯಾರನ್ನು ಕರೆದರು, ಯಾರನ್ನು ಬಿಟ್ಟರು. ಇದ್ಯಾವುದೂ ಪೇಪರ್‌ಗೆ ಬರಲ್ಲ.

ಹೋದ ಕೆಲವು ವಾರಗಳಲ್ಲಿ ಎರಡು ಕನ್ನಡ ಸಿನಿಮಾ ನೋಡಿದೆ, ಒಂದು ಕಾದಂಬರಿ ಓದಿದೆ. ಬೇಕು ಅಂತ ಆರಿಸಿಕೊಂಡಿದ್ದಲ್ಲ. ಮೂರೂ ಮುಗಿದ ಮೇಲೆ ನೋಡಿದರೆ ಮೂರರ ನಡುವೆಯೂ ಒಬ್ಬೊಬ್ಬರು ಸತ್ತವರು ಕೂತಿದ್ದಾರೆ! ಬದುಕಿರುವವರು ಆ ಸತ್ತವರನ್ನು ಇಟ್ಟುಕೊಂಡು ಏನು ಮಾಡ್ತಾರೆ ಅನ್ನೋದೇ ಮೂರರ ಕಥೆ. ಹಾಗಾಗಿ ಮೂರನ್ನೂ ಒಟ್ಟಿಗೆ ಬರೀತಿದ್ದೀನಿ. ಕಥೆಯ ಕೊನೆ ಹೇಳಲ್ಲ, ಧೈರ್ಯವಾಗಿ ಓದಿ.

ತಿಥಿ

2016ರಲ್ಲಿ ಥಿಯೇಟರ್‌ಗೆ ಬಂದಿದ್ದ ಸಿನಿಮಾ. ನಿರ್ದೇಶಕ ರಾಮ್ ರೆಡ್ಡಿ. ಕಥೆ ಬರೆಯುವುದರಲ್ಲಿ ಜೊತೆಯಾದವರು ಈರೇಗೌಡ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಚಿತ್ರೀಕರಣ ಆಯ್ತು. ಪಾತ್ರ ಮಾಡಿದವರು ಕಲಾವಿದರಲ್ಲ, ಆ ಕಡೆಯ ಹಳ್ಳಿ ಜನರೇ. ಸ್ವಿಟ್ಜರ್ಲೆಂಡ್‌ನ ಲೊಕಾರ್ನೊ ಚಿತ್ರೋತ್ಸವದಲ್ಲಿ 2015ರಲ್ಲಿ ಬಹುಮಾನ ಬಂದಾಗ ಬಹಳ ಸುದ್ದಿಯಾಗಿತ್ತು. ನಾನು ಈಗ ಫೋನಿನಲ್ಲಿ ಎರಡನೇ ಸಲ ನೋಡಿದೆ.

ಕಥೆ ಸರಳ. 101 ವರ್ಷದ ಸೆಂಚುರಿಗೌಡ ಶುರುವಿನಲ್ಲೇ ತೀರಿಕೊಳ್ತಾನೆ. ಮಗ ಗಡ್ಡಪ್ಪನಿಗೆ ಅಪ್ಪ ಸತ್ತಿದ್ದೂ ಒಂದೇ, ಬದುಕಿದ್ದೂ ಒಂದೇ. ಹೊಲದ ಬದುವಿನಲ್ಲಿ ಬ್ರಾಂದಿ ಬಾಟ್ಲಿ ಹಿಡಿದು ತನ್ನ ಪಾಡಿಗೆ ತಾನು ನಡೆದು ಹೋಗುವ ಮನುಷ್ಯ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಅವಸರ. ಆದರೆ ಜಮೀನು ಇರೋದು ಸತ್ತ ತಾತನ ಹೆಸರಲ್ಲಿ. ಅದು ಮೊದಲು ಗಡ್ಡಪ್ಪನಿಗೆ ಬರಬೇಕು, ಗಡ್ಡಪ್ಪನಿಗೆ ಬೇಕಾಗಿಲ್ಲ. ಆಗ ತಮ್ಮಣ್ಣ ಒಂದು ದಾರಿ ಹುಡುಕ್ತಾನೆ. ಅಪ್ಪ ಬದುಕಿರುವಾಗಲೇ ಅವನಿಗೊಂದು ಮರಣ ಪ್ರಮಾಣಪತ್ರ ಮಾಡಿಸೋದು.

ಮೊದಲ ಸಲ ನೋಡಿದಾಗ ಇಲ್ಲಿ ಬಿದ್ದು ಬಿದ್ದು ನಕ್ಕಿದ್ದೆ. ಈ ಸಲ ನಗು ಅರ್ಧಕ್ಕೇ ನಿಂತಿತು. ಇಷ್ಟು ವರ್ಷ ತಾಲ್ಲೂಕು ಕಚೇರಿಗಳ ಮುಂದೆ ನಿಂತು ಕೇಳಿಸಿಕೊಂಡ ಮಾತುಗಳೆಲ್ಲ ತಲೆಯಲ್ಲಿ ಇದ್ದವು. ತಾತ ಸತ್ತು ಎಷ್ಟೋ ವರ್ಷ ಆದರೂ ಪಹಣಿಯಲ್ಲಿ ತಾತನೇ ‘ಬದುಕಿರೋದು’ ಎಷ್ಟು ಮನೆಗಳಲ್ಲಿ ಇಲ್ಲ ಹೇಳಿ? ಪೌತಿ ಖಾತೆ ಆಗಬೇಕಾದರೆ ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು, ಅಣ್ಣ ತಮ್ಮ ಅಕ್ಕ ತಂಗಿ ಎಲ್ಲರ ಒಪ್ಪಿಗೆ ಬೇಕು. ಅಲ್ಲೇ ಜಗಳ ಶುರು. ಇನ್ನೊಂದು ಕಡೆ, ಬದುಕಿರುವವರನ್ನು ಕಾಗದದಲ್ಲಿ ಸಾಯಿಸಿದ ಸುದ್ದಿಗಳೂ ಬರ್ತಾನೇ ಇರುತ್ತವೆ. ಸಿನಿಮಾದವರು ಏನನ್ನೂ ಗಾಳಿಯಿಂದ ತಂದಿಲ್ಲ.

(ಮಾತಿಗೆ ಮಾತು ಬಂತು ಅಂತ ಹೇಳ್ತೀನಿ: 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಹನ್ನೊಂದನೇ ದಿನದ ಅಡುಗೆಗೆ ಎಷ್ಟು ಕೆಜಿ ಮಾಂಸ ಅಂತ ಲೆಕ್ಕ ಹಾಕುವಾಗಲೇ ಈ ಕೆಲಸಕ್ಕೂ ಒಬ್ಬರನ್ನು ಕಳಿಸಿ.)

ನನಗೆ ಹಿಡಿಸಿದ್ದು, ಈ ಸಿನಿಮಾ ಯಾರನ್ನೂ ಕೆಟ್ಟವರು ಅನ್ನಲ್ಲ. ತಮ್ಮಣ್ಣನೂ ಕೇಡಿಗನಲ್ಲ. ತಿಥಿಗೆ ಊರಿಗೆಲ್ಲ ಊಟ ಹಾಕಬೇಕು, ಕೈಯಲ್ಲಿ ಕಾಸಿಲ್ಲ. ಸತ್ತವನ ಮರ್ಯಾದೆ ಉಳಿಸೋಕೆ ಬದುಕಿದ್ದವನು ಸಾಲಗಾರ ಆಗೋದು ನಮ್ಮ ಕಡೆ ಹೊಸದೇನಲ್ಲ. ಹಿಡಿಸದೇ ಇದ್ದದ್ದೂ ಒಂದಿದೆ. ಹೆಂಗಸರು ಇಲ್ಲಿ ಬಂದು ಹೋಗ್ತಾರೆ ಅಷ್ಟೇ. ಸಾವಿನ ಮನೆಯ ಅರ್ಧ ಕಥೆ ಅಡುಗೆಮನೆಯಲ್ಲಿ ನಡೆಯುತ್ತೆ. ಕ್ಯಾಮೆರಾ ಅಲ್ಲಿ ಇನ್ನೂ ಸ್ವಲ್ಪ ಹೊತ್ತು ಕೂರಬೇಕಿತ್ತು ಅನ್ನಿಸಿತು.

ಸು ಫ್ರಮ್ ಸೋ

ಇದು 2025ರ ಜುಲೈ 25ರಂದು ಬಿಡುಗಡೆಯಾಗಿದ್ದು. ಬಂದ ವಾರ ಮೈಸೂರಿನಲ್ಲಿ ಟಿಕೆಟ್ ಸಿಗದೆ ವಾಪಸ್ ಬಂದವರನ್ನು ಕಂಡಿದ್ದೆ. ದೊಡ್ಡ ಸ್ಟಾರ್ ಇಲ್ಲ, ಫೈಟ್ ಇಲ್ಲ. ಒಬ್ಬರು ನೋಡಿ ಇನ್ನೊಬ್ಬರಿಗೆ ಹೇಳಿ, ಬಾಯಿಂದ ಬಾಯಿಗೆ ಹಬ್ಬಿ ಓಡಿದ ಸಿನಿಮಾ. ನಾನು ನೋಡಿದ್ದು ಮಾತ್ರ ಈಗ, ಮನೆಯವರ ಜೊತೆ ಕೂತು. ನಿರ್ದೇಶಕ ಜೆ.ಪಿ. ತುಮಿನಾಡು, ಮುಖ್ಯ ಪಾತ್ರವೂ ಅವರದ್ದೇ. ನಿರ್ಮಾಪಕರಲ್ಲಿ ಒಬ್ಬರಾದ ರಾಜ್ ಬಿ. ಶೆಟ್ಟಿ ಇಲ್ಲಿ ದೆವ್ವ ಬಿಡಿಸುವ ಗುರೂಜಿ.

ಕರಾವಳಿಯ ಒಂದು ಹಳ್ಳಿ. ಅಶೋಕ ಅನ್ನುವ ಹುಡುಗ ಹೆಣ್ಣುಮಗಳನ್ನು ಕದ್ದು ನೋಡಲು ಹೋಗಿ ಸಿಕ್ಕಿಬೀಳ್ತಾನೆ. ತಪ್ಪಿಸಿಕೊಳ್ಳೋಕೆ ಮೈಮೇಲೆ ದೆವ್ವ ಬಂದಂಗೆ ನಟಿಸ್ತಾನೆ. ದೆವ್ವಕ್ಕೆ ಹೆಸರೂ ಊರೂ ಸಿಕ್ಕಿಬಿಡುತ್ತೆ: ಸೋಮೇಶ್ವರದ ಸುಲೋಚನ. ಟೈಟಲ್ಲಿನ ‘ಸು’ ಅವಳು, ‘ಸೋ’ ಅವಳ ಊರು. ಅಲ್ಲಿಂದ ಇಡೀ ಊರು ದೆವ್ವ ಓಡಿಸುವ ಕೆಲಸಕ್ಕೆ ನಿಲ್ಲುತ್ತೆ. ಊರಿನ ಎಲ್ಲ ಕೆಲಸಕ್ಕೂ ಮುಂದೆ ಬರುವ ರವಿಯಣ್ಣ ಇದ್ದಾನಲ್ಲ, ಅಂಥವನೊಬ್ಬ ನಿಮ್ಮ ಊರಲ್ಲೂ ಇದ್ದಾನೆ. ಇಲ್ಲ ಅಂದರೆ ನೀವೇ ಆ ರವಿಯಣ್ಣ!

ಮಂಗಳೂರು ಕಡೆಯ ಕನ್ನಡ ನಮ್ಮ ಮನೆಯವರಿಗೆ ಶುರುವಿನಲ್ಲಿ ಸ್ವಲ್ಪ ಬಿಗಿಯಾಯ್ತು. ಹತ್ತು ನಿಮಿಷ ಆದ ಮೇಲೆ ಯಾರೂ ‘ಏನಂದ?’ ಅಂತ ಕೇಳಲಿಲ್ಲ. ನಗೋಕೆ ಪುರುಸೊತ್ತು ಸಾಲಲಿಲ್ಲ.

ನಕ್ಕು ಮುಗಿದ ಮೇಲೆ ನನ್ನ ತಲೆಯಲ್ಲಿ ಉಳಿದಿದ್ದು ಬೇರೆ. ಸುಲೋಚನಳ ಮಗಳು ಭಾನು ಕಥೆಯೊಳಗೆ ಬರ್ತಾಳೆ. ಅವಳ ಕಷ್ಟ ನಿಜದ್ದು. ಬದುಕಿರುವ ಹೆಣ್ಣುಮಗಳ ಮಾತಿಗೆ ಯಾರೂ ಕಿವಿ ಕೊಡಲ್ಲ, ಸತ್ತ ಹೆಂಗಸಿನ ಹೆಸರಿಗೆ ಇಡೀ ಊರು ನಡುಗುತ್ತೆ. ಇದನ್ನು ಭಾಷಣ ಇಲ್ಲದೆ ಹೇಳಿದ್ದಾರೆ. ನಮ್ಮ ಕಡೆಯೂ ಮಾರಮ್ಮ ಮೈಮೇಲೆ ಬಂದಾಗ ಮಾತ್ರ ಗಂಡನ ಮುಂದೆ ದನಿ ಎತ್ತುವ ಹೆಂಗಸರಿದ್ದಾರೆ. ಆ ಹೊತ್ತು ಗಂಡ ಕೈಮುಗಿದು ನಿಂತಿರ್ತಾನೆ. ಅಮ್ಮ ಇಳಿದ ಮೇಲೆ ಮತ್ತೆ ಮೊದಲಿನಂಗೇ.

ಆಕ್ಷೇಪವೂ ಇದೆ. ಅಶೋಕ ಕದ್ದು ನೋಡಲು ಹೋಗಿದ್ದನ್ನು ಸಿನಿಮಾ ಸುಲಭವಾಗಿ ತೊಳೆದುಬಿಡುತ್ತೆ. ಆ ಹುಡುಗಿಯ ಕಡೆಯಿಂದ ನೋಡಿದರೆ ಅದು ನಗುವ ವಿಷಯ ಅಲ್ಲ. ಎರಡನೇ ಅರ್ಧ ಗಂಭೀರ ಆದಾಗ ಸ್ವಲ್ಪ ಎಳೀತು ಅಂತಲೂ ಅನ್ನಿಸಿತು. ಇನ್ನೊಂದು ಮಾತು. ಸಿನಿಮಾದಲ್ಲಿ ದೆವ್ವ ಬಿಡಿಸೋದು ತಮಾಷೆ. ನಿಜದಲ್ಲಿ ಅದು ಬೆತ್ತ, ಹಗ್ಗ, ಬೆಂಕಿ. ಅದಕ್ಕೇ 2017ರಲ್ಲಿ ನಮ್ಮ ರಾಜ್ಯ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಗೆ ಕಾಯ್ದೆ ಮಾಡಿತು, 2020ರ ಜನವರಿಯಿಂದ ಅದು ಜಾರಿಯಲ್ಲಿದೆ. ದೆವ್ವ ಬಿಡಿಸ್ತೀನಿ ಅಂತ ಕಟ್ಟಿಹಾಕಿ ಹೊಡೆಯೋದು ಅಪರಾಧ. ಸಿನಿಮಾ ನೋಡಿ ನಗಿ, ಇದನ್ನೂ ನೆನಪಿಟ್ಟುಕೊಳ್ಳಿ.

ಕುಸುಮಬಾಲೆ

ಕಾದಂಬರಿ ಇದು. ದೇವನೂರ ಮಹಾದೇವ ಅವರದ್ದು. 1984ರಲ್ಲಿ ಬಂತು, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೀತು. ಅವರು ನಂಜನಗೂಡು ತಾಲ್ಲೂಕಿನ ದೇವನೂರಿನವರು, ಇರೋದು ಮೈಸೂರಿನಲ್ಲಿ. ಹೆಸರು ಕೇಳದವರಿಲ್ಲ. ಆದರೆ ಓದಿ ಮುಗಿಸಿದವರು ಕಡಿಮೆ. ಡಿಪ್ಲೊಮಾ ಓದುವಾಗ ನಾನೂ ಹತ್ತು ಪುಟ ಓದಿ ಮಡಿಚಿಟ್ಟಿದ್ದೆ. ಗಾತ್ರದಲ್ಲಿ ಸಣ್ಣ ಪುಸ್ತಕವೇ. ಆದರೆ ಕಣ್ಣಿಗೆ ಒಗ್ಗೋದು ನಿಧಾನ.

ಯಾಕೆ ಅಂದರೆ ಇದು ಶಾಲೆಯ ಕನ್ನಡ ಅಲ್ಲ. ನಂಜನಗೂಡು, ಚಾಮರಾಜನಗರ ಕಡೆ ಜನ ಆಡುವ ಮಾತು. ಶಾಲೆಯಲ್ಲಿ ‘ಹಾಗೆ ಮಾತಾಡಬೇಡ, ಸರಿಯಾಗಿ ಮಾತಾಡು’ ಅಂತ ತಿದ್ದಿ ತಿದ್ದಿ ನಮ್ಮ ಬಾಯಿಂದ ಬಿಡಿಸಿದ್ದಾರಲ್ಲ, ಅದೇ ಮಾತು. ಪೇಪರ್‌ನಲ್ಲಿಯೂ ಅಷ್ಟೇ. ಅಜ್ಜಿ ‘ನನ್ ಕೂಸ್ನ ನುಂಗ್ಕಂಡ್ಬುಟ್ರಲ್ಲಪ್ಪೋ’ ಅಂತ ಅತ್ತರೆ ನಾವು ಬರೆಯೋದು ‘ಕುಟುಂಬದವರ ಆಕ್ರಂದನ ಮುಗಿಲು ಮುಟ್ಟಿತ್ತು’ ಅಂತ.

ಈ ಸಲ ಬೇರೆ ಉಪಾಯ ಮಾಡಿದೆ. ಊರಿಗೆ ಹೋದಾಗ ರಾತ್ರಿ ಊಟ ಆದ ಮೇಲೆ ಅವ್ವನ ಮುಂದೆ ಗಟ್ಟಿಯಾಗಿ ಓದಿದೆ. ಅವ್ವನಿಗೆ ಓದು ಬರಲ್ಲ. ಎರಡು ಪುಟ ಆದ ಮೇಲೆ ಕೇಳಿದರು:

“ಇದ ಬರ್ದೋರು ಎಲ್ಲಿಯೋರಪ್ಪ?”

“ನಂಜನಗೂಡು ಕಡೆಯೋರು ಕನವ್ವ, ದೇವನೂರು.”

“ಅದ್ಕೇ ಮತ್ತೆ. ನಮ್ಮೋರು ಮಾತಾಡ್ದಂಗೇ ಅದೆ. ಓದು ಓದು.”

ನಾನು ಎಡವುತ್ತಿದ್ದ ಕಡೆಯೆಲ್ಲ ಅವ್ವ ಅರ್ಥ ಹೇಳಿದರು. ಕಣ್ಣಿಗೆ ಕಷ್ಟವಾಗಿದ್ದು ಕಿವಿಗೆ ಸಲೀಸಾಯ್ತು. ಆಮೇಲೆ ತಿಳೀತು, ವಿದ್ವಾಂಸ ಎಲ್. ಬಸವರಾಜು ಅವರು ಈ ಗದ್ಯವನ್ನೇ ಪದ್ಯದ ಸಾಲುಗಳಂತೆ ಬಿಡಿಸಿ ತೋರಿಸಿದ್ದರಂತೆ. ಸರಿಯಾಗೇ ಇದೆ. ಇದು ಹಾಡುವವರ, ಕಥೆ ಹೇಳುವವರ ಲಯ.

ಕಥೆಯ ನಡುವೆ ಇರೋದು ಚೆನ್ನ ಅನ್ನುವ ದಲಿತ ಯುವಕನ ಕೊಲೆ. ಮೇಲ್ಜಾತಿಯ ಕುಸುಮಳನ್ನು ಪ್ರೀತಿಸಿದ್ದೇ ಕಾರಣ. ಇದು ಪತ್ತೇದಾರಿ ಕಥೆಯಂತೆ ‘ಕೊಂದವರು ಯಾರು’ ಅಂತ ಹುಡುಕಲ್ಲ. ಕೊಲೆಯನ್ನು ಮುಚ್ಚಿ ಹಾಕಿದ ಮೇಲೂ ಊರು ಹೇಗೆ ಉಣ್ಣುತ್ತೆ, ಮಲಗುತ್ತೆ, ಬೆಳಗ್ಗೆ ಏಳುತ್ತೆ ಅನ್ನೋದನ್ನು ಹೇಳುತ್ತೆ. ಬಾಯಿ ಬಿಡಬೇಕಾದ ಮನುಷ್ಯರು ಬಿಡಲ್ಲ. ಮಾತಾಡೋದು ಜೋತಮ್ಮಗಳು. ರಾತ್ರಿ ದೀಪ ಆರಿದ ಮೇಲೆ ಮನೆಮನೆಯ ಜ್ಯೋತಿಗಳು ಒಂದು ಕಡೆ ಸೇರಿ ತಮ್ಮ ತಮ್ಮ ಮನೆಯ ಸುದ್ದಿ ಮಾತಾಡಿಕೊಳ್ಳುತ್ತವೆ ಅನ್ನುವ ನಂಬಿಕೆ ನಮ್ಮ ಜನಪದ ಕಥೆಗಳಲ್ಲಿ ಹಳೆಯದು. ಮೈಸೂರಿನವರೇ ಆದ ಎ.ಕೆ. ರಾಮಾನುಜನ್ ಅಂಥ ಕಥೆ ಸಂಗ್ರಹಿಸಿದ್ದರು. ಗಿರೀಶ ಕಾರ್ನಾಡರ ‘ನಾಗಮಂಡಲ’ದಲ್ಲೂ ಜ್ಯೋತಿಗಳು ಗುಡಿಯಲ್ಲಿ ಸೇರುತ್ತವೆ. ಅವ್ವ ಈ ಭಾಗಕ್ಕೆ ಬಂದಾಗ ಏನೂ ಆಶ್ಚರ್ಯ ಪಡಲಿಲ್ಲ. “ಹೂಂ, ದೀಪ ಎಲ್ಲಾ ನೋಡ್ತಾ ಇರ್ತದೆ” ಅಂದರು.

ನನಗೆ ಮಾತ್ರ ಅಲ್ಲಿ ಗಂಟಲು ಕಟ್ಟಿತು. ಕಾಣೆಯಾದವರ ಪ್ರಕಟಣೆ ನಿಮಗೆ ಗೊತ್ತಲ್ಲ: ‘ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು, ನೀಲಿ ಅಂಗಿ ಧರಿಸಿದ್ದರು.’ ಹಾಗೆ ಕಾಣೆಯಾದ ಎಲ್ಲರೂ ತಾವಾಗಿ ಹೋದವರೇ? ದೂರು ದಾಖಲಾದರೆ ಸುದ್ದಿ. ದಾಖಲಾಗದಿದ್ದರೆ ನಾವು ಬರೆಯೋಕೆ ಬರಲ್ಲ, ಬರೆಯಲೂ ಬಾರದು. ಸಾಕ್ಷಿ ಇಲ್ಲದೆ ಒಬ್ಬರ ಮೇಲೆ ಹೊರಿಸೋದು ವರದಿ ಅಲ್ಲ. ಆ ನಿಯಮ ಸರಿ. ಆದರೆ ಆ ನಿಯಮದ ಆಚೆಗೆ ಉಳಿದುಹೋದ ಸಾವುಗಳ ಕಡೆ ಯಾರಾದರೂ ನೋಡಬೇಕಲ್ಲ. ಆ ಕೆಲಸ ಕಾದಂಬರಿ ಮಾಡುತ್ತೆ. 1984ರ ಪುಸ್ತಕ ಈಗ ಹಳೆಯದಾಗಬೇಕಿತ್ತು. ಜಾತಿ ಬಿಟ್ಟು ಮದುವೆಯಾದ ಮಕ್ಕಳನ್ನು ಹೆತ್ತವರೇ ಕೊಲ್ಲುವ ಸುದ್ದಿ ಇವತ್ತೂ ಬರ್ತಿರುವುದರಿಂದ ಅದಕ್ಕೆ ಹಳೆಯದಾಗುವ ಭಾಗ್ಯ ಸಿಕ್ಕಿಲ್ಲ. ಅಂಥ ಕೊಲೆಗೆ ‘ಮರ್ಯಾದೆ ಹತ್ಯೆ’ ಅಂತ ಬರೆಯೋದನ್ನು ನಾನಂತೂ ಒಪ್ಪಲ್ಲ. ‘ಮರ್ಯಾದೆಗೇಡು ಹತ್ಯೆ’ ಅನ್ನೋದೇ ಸರಿ. ಕೊಂದವರ ಬಾಯಿಯ ಮಾತನ್ನು ನಾವು ಯಾಕೆ ಹೆಡ್ಡಿಂಗ್ ಮಾಡಬೇಕು?

ಮೂರರಲ್ಲಿ ಯಾವುದು?

ಗೆಳೆಯರು ಕೇಳೋದು ಇದೇ: ‘ಮಾರ್ಕ್ಸ್ ಎಷ್ಟು ಕೊಡ್ತೀಯ?’ ನಗಬೇಕು, ಮನೆಯವರೆಲ್ಲ ಒಟ್ಟಿಗೆ ನೋಡಬೇಕು ಅಂದರೆ ‘ಸು ಫ್ರಮ್ ಸೋ’. ನಮ್ಮ ಊರನ್ನು ನಮ್ಮ ಊರಿನಂಗೇ ನೋಡಬೇಕು ಅಂದರೆ ‘ತಿಥಿ’. ಅದರಲ್ಲಿ ಬೈಗುಳ ಬಹಳ, ಮಕ್ಕಳು ಪಕ್ಕದಲ್ಲಿದ್ದರೆ ನೋಡಿಕೊಳ್ಳಿ. ಆದರೆ ಮನಸ್ಸಿನಲ್ಲಿ ಬಹಳ ದಿನ ಉಳಿಯೋದು ‘ಕುಸುಮಬಾಲೆ’ಯೇ.

‘ತಿಥಿ’ಯಲ್ಲಿ ಸತ್ತವನಿಂದ ಬದುಕಿದ್ದವರಿಗೆ ಜಮೀನು ಬೇಕು. ‘ಸು ಫ್ರಮ್ ಸೋ’ದಲ್ಲಿ ಸತ್ತವಳು ಮೊದಲು ಒಬ್ಬನಿಗೆ ನೆಪ, ಆಮೇಲೆ ಇನ್ನೊಬ್ಬಳಿಗೆ ಆಸರೆ. ‘ಕುಸುಮಬಾಲೆ’ಯಲ್ಲಿ ಮಾತ್ರ ಸತ್ತವನು ಸತ್ತ ಅನ್ನುವ ಸುದ್ದಿಯೇ ಹೊರಗೆ ಬರಬಾರದು. ಮೊದಲ ಎರಡು ಊರುಗಳಲ್ಲಿ ಗದ್ದಲ ಇದೆ. ಮೂರನೇ ಊರಿನಲ್ಲಿ ಇರೋದು ಮೌನ. ನನಗೆ ಹೆದರಿಕೆ ಹುಟ್ಟಿಸಿದ್ದು ದೆವ್ವದ ಸಿನಿಮಾ ಅಲ್ಲ, ಆ ಮೌನ.

ಪುಸ್ತಕ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಇದೆಯಾ ಕೇಳಿ, ಇಲ್ಲದಿದ್ದರೆ ತರಿಸಿ ಅನ್ನಿ. ಒಬ್ಬರೇ ಕೂತು ಮನಸ್ಸಿನಲ್ಲೇ ಓದಬೇಡಿ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರ ಮುಂದೆ ಗಟ್ಟಿಯಾಗಿ ಓದಿ. ಅರ್ಥ ಅವರು ಹೇಳ್ತಾರೆ. ಅರ್ಥದ ಜೊತೆಗೆ, ನಿಮ್ಮ ಊರಿನಲ್ಲಿ ಯಾರೂ ಈವರೆಗೆ ಬಾಯಿಬಿಟ್ಟು ಹೇಳದ ಇನ್ನೊಂದು ಕಥೆಯನ್ನೂ ಹೇಳಬಹುದು. ಆಗ ಫೋನು ಪಕ್ಕಕ್ಕಿಟ್ಟು ಕೇಳಿಸಿಕೊಳ್ಳಿ.