ತಿರುಗುವ ಮೇಜಿನ ಮೇಲೆ ನಮ್ಮ ರೇಷ್ಮೆ ಹುಳ

2019ರ ನವೆಂಬರಿನಲ್ಲಿ ಶಿಡ್ಲಘಟ್ಟದ ಕಡೆಯ ಆರು ಜನ ರೀಲರುಗಳು ಆಟೊಮ್ಯಾಟಿಕ್ ಬಿಚ್ಚಾಣಿಕೆ ಯಂತ್ರ ನೋಡಲು ಚೀನಾದ ಹಾಂಗ್‌ಝೌ ನಗರಕ್ಕೆ ಹೊರಟರು. ಇಂಗ್ಲಿಷಿನಲ್ಲಿ ಮಾತಾಡಿ ವಿವರ ಬರೆದುಕೊಳ್ಳಲು ಒಬ್ಬರು ಬೇಕೆಂದು ನನ್ನನ್ನೂ ಕರೆದೊಯ್ದರು. ಯಂತ್ರದ ಬಗ್ಗೆ ಆಗಲೇ ಬರೆದಾಯಿತು. ಊರಲ್ಲಿ ಸಿಕ್ಕವರು ಈಗಲೂ ಕೇಳುವುದು ಮಾತ್ರ ಒಂದೇ: "ಅಲ್ಲಿ ಏನ್ ತಿಂದ್ರಿ ಸಾರ್?"

ಹಗಲಲ್ಲಿ ಕಾರ್ಖಾನೆ ನೋಡಿದೆವು. ಆದರೆ ವ್ಯವಹಾರದ ಮಾತು ಆಫೀಸಿನಲ್ಲಿ ಮುಗಿಯಲಿಲ್ಲ. ಸಂಜೆ ಊಟಕ್ಕೆ ಕರೆದರು. ಹೋಟೆಲಿನಲ್ಲೇ ಬೇರೆ ಕೋಣೆ, ದೊಡ್ಡ ದುಂಡು ಮೇಜು, ನಡುವೆ ತಿರುಗುವ ಗಾಜಿನ ತಟ್ಟೆ. ಬಾಗಿಲಿಗೆ ಮುಖ ಮಾಡಿದ ಕುರ್ಚಿ ಊಟ ಹಾಕುವವರದು, ಅವರ ಬಲಗಡೆ ಮುಖ್ಯ ಅತಿಥಿ. ನಮ್ಮಲ್ಲಿ ಹಿರಿಯರಾದ ಭಾಯಿಯನ್ನು ಅಲ್ಲಿ ಕೂರಿಸಿದರು. ಯಾರಿಗೂ ಬೇರೆ ಬೇರೆ ಬಡಿಸುವುದಿಲ್ಲ. ಒಂದೊಂದೇ ಪದಾರ್ಥ ನಡುವೆ ಬರುತ್ತದೆ, ಗಾಜು ತಿರುಗುತ್ತದೆ, ಎಲ್ಲರೂ ಅದೇ ತಟ್ಟೆಯಿಂದ ತೆಗೆದುಕೊಳ್ಳುತ್ತಾರೆ. ಅನ್ನ ಬರುವುದು ಕೊನೆಗೆ. ಇದು ಗೊತ್ತಿಲ್ಲದ ನಮ್ಮ ಗೌಡರು ಅನ್ನ ಬರಲಿ, ಕಲಸಿಕೊಂಡು ತಿನ್ನೋಣ ಅಂತ ಮುಕ್ಕಾಲು ಗಂಟೆ ಕಾದರು.

ಕೋಳಿ ಪಾದ ಬಂತು. ಬಾತುಕೋಳಿ ನಾಲಿಗೆ ಬಂತು. ವಿನೆಗರ್ ಹಾಕಿದ ಜೆಲ್ಲಿ ಮೀನು ಕರಕರ ಅನ್ನುತ್ತಿತ್ತು, ರುಚಿ ಏನೂ ಇಲ್ಲ. ಆಮೇಲೆ ಹಂದಿ ಮಾಂಸದ ದಪ್ಪ ತುಂಡುಗಳು, ಡೊಂಗ್‌ಪೋ ಮಾಂಸ. ಸಾವಿರ ವರ್ಷದ ಹಿಂದೆ ಆ ಊರಿನ ಅಧಿಕಾರಿಯಾಗಿದ್ದ ಕವಿ ಸು ಡೊಂಗ್‌ಪೋ ಹೆಸರು ಅದಕ್ಕೆ. ಅಲ್ಲಿನ ದೊಡ್ಡ ಕೆರೆಯ ಹೂಳೆತ್ತಿಸಿ, ಅದೇ ಹೂಳಿನಿಂದ ಏರಿ ಕಟ್ಟಿಸಿದವನು. ನಮ್ಮ ಜಿಲ್ಲೆಯಲ್ಲಿ ಹೂಳೆತ್ತಿದವರ ಹೆಸರು ಬಿಲ್ಲಿನಲ್ಲಷ್ಟೇ ಉಳಿಯುತ್ತದೆ.

ತೊಂದರೆ ಆದದ್ದು ಭಾಯಿಗೆ. ಹಂದಿ ಮಾಂಸ ಮುಟ್ಟುವಂತಿಲ್ಲ. ಕೋಳಿ ಹಲಾಲ್ ಅಲ್ಲ. ಮೀನಿನ ತಲೆಯನ್ನು ಮರ್ಯಾದೆಗೆಂದು ಅವರ ಕಡೆಗೇ ತಿರುಗಿಸಿಟ್ಟರು, ಆದರೆ ಅದಕ್ಕೂ ಅಕ್ಕಿಯ ಮದ್ಯ ಹಾಕಿ ಬೇಯಿಸಿದ್ದರು. ಭಾಯಿ ಬೇಯಿಸಿದ ಕಡಲೆಕಾಯಿ, ಸೌತೆಕಾಯಿ ತಿನ್ನುತ್ತಾ ಕೂತರು. ಅಲ್ಲಿ ಅತಿಥಿಯ ತಟ್ಟೆ ಖಾಲಿ ಇದ್ದರೆ ಇನ್ನೂ ಹಸಿವಿದೆ ಅಂತ ಅರ್ಥ. ಊಟ ಹಾಕಿದವರು ಬಡಿಸುತ್ತಲೇ ಇದ್ದರು, ಇವರು ಕೈ ಅಡ್ಡ ಹಿಡಿಯುತ್ತಲೇ ಇದ್ದರು. ಅವರ ಮುಖ ಸಣ್ಣಗಾಗುತ್ತಾ ಬಂತು. ಇಷ್ಟು ದೂರ ಬಂದ ಕೆಲಸ ಇಲ್ಲೇ ಕೆಟ್ಟಿತು ಅಂತ ನನಗೆ ಭಯ.

ಆಗ ಬಂತು ಆ ತಟ್ಟೆ. ಎಣ್ಣೆಯಲ್ಲಿ ಕರಿದು ಉಪ್ಪು, ಒಣಮೆಣಸಿನಕಾಯಿ ಹಾಕಿದ ರೇಷ್ಮೆ ಹುಳ. ಗೂಡಿನ ನೂಲು ಬಿಚ್ಚಿದ ಮೇಲೆ ಬೇಸಿನ್ನಿನಲ್ಲಿ ಉಳಿಯುತ್ತದಲ್ಲ, ಅದೇ ಪ್ಯೂಪಾ. ನೀವೂ ರೇಷ್ಮೆಯವರು, ನಾವೂ ರೇಷ್ಮೆಯವರು, ಅದಕ್ಕೇ ಹೇಳಿ ಮಾಡಿಸಿದ್ದೇವೆ ಅಂದರು. ಮೇಜು ಗಪ್‌ಚುಪ್. ನಮ್ಮಲ್ಲಿ ಅದು ಕೋಳಿಗೆ, ಮೀನಿಗೆ ಹಾಕುವ ಮಾಲು. ಆ ವಾಸನೆಗೆ ನೆಂಟರು ಮೂಗು ಮುಚ್ಚಿಕೊಂಡು ರೀಲರ ಬೀದಿ ದಾಟುತ್ತಾರೆ.

ಮೊದಲು ಕೈ ಹಾಕಿದ್ದು ಗೌಡರು. "ಈಸಲು ಹುಳ ಹುರಿದು ತಿಂದೋರು ನಾವು, ಇದೇನ್ ಮಹಾ" ಅಂದರು. ನಾನೂ ತಿಂದೆ. ಮೇಲೆ ಗರಿಗರಿ, ಒಳಗೆ ಮೆತ್ತಗೆ; ಮೊದಲು ಹುರಿದ ಕಡಲೆಬೀಜ, ನುಂಗುವಾಗ ಮಾತ್ರ ಪೂರಾ ಬಿಚ್ಚಾಣಿಕೆ ಮನೆ.

ಭಾಯಿ ತಿನ್ನಲಿಲ್ಲ. ಆದರೆ ಒಂದನ್ನು ತೆಗೆದು ಅಂಗೈ ಮೇಲಿಟ್ಟು, ಬೆರಳಲ್ಲಿ ಹೊರಳಿಸಿ ನೋಡಿದರು. "ಬೈವೋಲ್ಟೀನ್. ನಮ್ಮ ಮಿಶ್ರತಳಿ ಇಷ್ಟು ದಪ್ಪ ಬರಲ್ಲ. ಒಂದು ಕೆಜಿ ನೂಲಿಗೆ ಎಷ್ಟು ಕೆಜಿ ಗೂಡು ಹೋಗುತ್ತೆ, ಕೇಳಪ್ಪ." ದುಭಾಷಿ ಹುಡುಗಿ ಕೇಳಿದಳು. ಅವರ ಮುಖ ಅರಳಿತು. ಹಿಪ್ಪುನೇರಳೆ, ನೀರು, ನೂಲು ತುಂಡಾಗುವುದು, ಕೂಲಿಯವರು ಸಿಗದಿರುವುದು, ಎರಡೂ ಕಡೆ ಅದೇ ಗೋಳು. ಆ ಒಂದು ಹುಳ ಕೊನೆತನಕ ಭಾಯಿಯ ತಟ್ಟೆಯಲ್ಲೇ ಇತ್ತು.

ಮಾತಿನ ನಡುವೆ ಭಾಯಿ ಮುಸಲ್ಮಾನರು ಅಂತ ನಾನು ಹೇಳಿದೆ. ಹುಡುಗಿ ಒಂದೇ ಪದದಲ್ಲಿ ತಿಳಿಸಿದಳು: "ಚಿಂಗ್‌ಜೆನ್." ಹಲಾಲ್ ಊಟಕ್ಕೆ ಅವರ ಮಾತು. ಚೀನಾದಲ್ಲಿ ಹುಯಿ ಅನ್ನುವ ಮುಸಲ್ಮಾನರು ಕೋಟಿಗೂ ಹೆಚ್ಚು ಇದ್ದಾರೆ. ಆ ಪದದ ಬೋರ್ಡು ಹಾಕಿದ ಹೋಟೆಲು ಅಲ್ಲಿಯವರಿಗೆ ಹೊಸದಲ್ಲ. ಊಟ ಹಾಕಿದವರು ಹಣೆ ಚಚ್ಚಿಕೊಂಡು, ಮೊದಲೇ ಹೇಳಬಾರದಿತ್ತೇ ಅಂದರು. ನಾವೂ ಮೊದಲೇ ಕಾಗದದಲ್ಲಿ ತಿಳಿಸಿದ್ದೆವು. ಅದು ಯಾರ ಮೇಜಿನಲ್ಲಿ ಉಳಿಯಿತೋ.

ಕುಡಿಯುವವರಿಗೆ ಬೈಜ್ಯೂ ಇತ್ತು, ಜೋಳದಿಂದ ಇಳಿಸಿದ ಖಡಕ್ ಸಾರಾಯಿ. "ಗಾನ್‌ಬೇ" ಅಂದರೆ ಲೋಟ ಬರಿದು ಮಾಡಬೇಕು. ದೊಡ್ಡವರ ಲೋಟಕ್ಕೆ ತಾಗಿಸುವಾಗ ನಮ್ಮ ಲೋಟ ಸ್ವಲ್ಪ ಕೆಳಗಿರಬೇಕು. ಭಾಯಿ ಟೀ ಲೋಟ ತಾಗಿಸಿದರು, ಯಾರೂ ಬೇಸರ ಮಾಡಲಿಲ್ಲ. ಮಿಕ್ಕ ಊಟ ಮಾತ್ರ ನೋಡಲಾಗಲಿಲ್ಲ, ಇನ್ನೂ ಹತ್ತು ಜನ ಉಣ್ಣಬಹುದಿತ್ತು. 2021ರಲ್ಲಿ ಆ ಸರ್ಕಾರ ಊಟ ಹಾಳು ಮಾಡುವುದರ ವಿರುದ್ಧ ಕಾನೂನೇ ತಂದಿತು.

ಮಾರನೇ ಸಂಜೆ ಎಲ್ಲರನ್ನೂ ಚಿಂಗ್‌ಜೆನ್ ಹೋಟೆಲಿಗೆ ಕರೆದೊಯ್ದರು. ಕುರಿ ಮಾಂಸ, ಕೈಯಲ್ಲಿ ಎಳೆದು ಮಾಡಿದ ನೂಡಲ್ಸ್. ಭಾಯಿ ಎರಡು ಬಟ್ಟಲು ತಿಂದರು. ಯಂತ್ರದ ರೇಟು ಇಳಿದದ್ದು ಅಲ್ಲೇ. ಎಷ್ಟಕ್ಕೆ ಇಳಿಯಿತು ಅಂತ ಮಾತ್ರ ಬರೆಯಬೇಡ ಅಂದಿದ್ದಾರೆ.