ಏಳನೆಯ ಬಕೆಟ್

ನಮ್ಮ ಕಡೆ ಕ್ಯಾನ್ಸರ್ ರೋಗಿಗಳು ರೇಡಿಯೇಶನ್ ಚಿಕಿತ್ಸೆಗೆ ‘ಕರೆಂಟ್ ಕೊಡೋದು’ ಅನ್ನುತ್ತಾರೆ. ‘ನಮ್ಮೋರಿಗೆ ಇಪ್ಪತ್ತೈದು ಕರೆಂಟ್ ಬರ್ದಿದಾರೆ, ಹತ್ತು ಆಯ್ತು’ ಎಂದು ಬೆಂಚಿನ ಮೇಲೆ ಕೂತು ಒಬ್ಬರಿಗೊಬ್ಬರು ಲೆಕ್ಕ ಹೇಳಿಕೊಳ್ಳುತ್ತಾರೆ. ಆ ಕರೆಂಟಿನ ಯಂತ್ರ ನಡೆಸುವ ಕೆಲಸ ನನ್ನದು. ನನ್ನ ಎದೆಯ ಮೇಲೆ ಸದಾ ಒಂದು ಬ್ಯಾಡ್ಜ್ ಇರುತ್ತದೆ. ಮೂರು ತಿಂಗಳಿಗೊಮ್ಮೆ ಅದು ಪರೀಕ್ಷೆಗೆ ಹೋಗಿ, ನನ್ನ ಮೈಗೆ ಎಷ್ಟು ವಿಕಿರಣ ತಾಗಿದೆ ಎಂಬ ಲೆಕ್ಕ ಬರುತ್ತದೆ. ನನ್ನಂಥವರಿಗೆ ನಮ್ಮ ದೇಶದಲ್ಲಿ ಇರುವ ಮಿತಿ, ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್.

ಈ ಕೆಲಸದಲ್ಲಿರುವುದರಿಂದಲೋ ಏನೋ, ಬಂಧುಗಳು, ತರಬೇತಿಗೆ ಬರುವ ಹುಡುಗರು ಎಲ್ಲರೂ ಆಗಾಗ ನನಗೆ ಒಂದೇ ವಿಡಿಯೋ ಕಳಿಸುತ್ತಾರೆ. ‘ಜಗತ್ತಿನಲ್ಲೇ ಅತಿ ಹೆಚ್ಚು ವಿಕಿರಣಕ್ಕೆ ಸಿಕ್ಕಿದ ಮನುಷ್ಯ’ ಎಂಬ ತಲೆಬರಹ, ಎದೆ ನಡುಗಿಸುವ ಸಂಗೀತ, ಚರ್ಮವೇ ಇಲ್ಲದ ಒಂದು ದೇಹ. ಜಪಾನಿನ ಹಿಸಾಶಿ ಓವುಚಿ ಅವರ ಹೆಸರು ಇವತ್ತು ಉಳಿದಿರುವುದು ಹೀಗೆ. ಅದರಲ್ಲಿ ತೋರಿಸುವ ಚಿತ್ರ ಅವರದೇ ಎನ್ನಲು ಆಧಾರವಿಲ್ಲ. ಆದರೆ ನನಗೆ ಬೇಸರ ತರುವುದು ಚಿತ್ರವಲ್ಲ. ಆ ವಿಡಿಯೋಗಳಲ್ಲಿ ದೇಹ ಇರುತ್ತದೆ, ಬಕೆಟ್ ಇರುವುದಿಲ್ಲ.

ಟೋಕಿಯೋದಿಂದ ಈಶಾನ್ಯಕ್ಕೆ ಸುಮಾರು 120 ಕಿಲೋಮೀಟರ್ ದೂರದಲ್ಲಿ ಟೊಕಾಯ್ ಎಂಬ ಊರಿದೆ. ಅಲ್ಲಿ ಜೆಸಿಓ ಎಂಬ ಕಂಪನಿ ಪರಮಾಣು ಸ್ಥಾವರಗಳಿಗೆ ಬೇಕಾದ ಯುರೇನಿಯಂ ಇಂಧನವನ್ನು ಹದಮಾಡಿ ಕೊಡುತ್ತಿತ್ತು. ಸಾಮಾನ್ಯವಾಗಿ ಅದು ಶೇ. 5ಕ್ಕಿಂತ ಕಡಿಮೆ ಪುಷ್ಟೀಕರಿಸಿದ ಯುರೇನಿಯಂ. 1999ರ ಸೆಪ್ಟೆಂಬರಿನಲ್ಲಿ ಮಾತ್ರ ‘ಜೊಯೊ’ ಎಂಬ ಪ್ರಾಯೋಗಿಕ ರಿಯಾಕ್ಟರಿಗಾಗಿ ಶೇ. 18.8ರಷ್ಟು ಪುಷ್ಟೀಕರಿಸಿದ ಯುರೇನಿಯಂ ದ್ರಾವಣ ತಯಾರಾಗಬೇಕಿತ್ತು.

ಸರ್ಕಾರ ಒಪ್ಪಿದ್ದ ವಿಧಾನದಲ್ಲಿ ದ್ರಾವಣ ಒಂದು ಎತ್ತರದ, ಸಪೂರವಾದ ಕೊಳವೆಯಂಥ ಪಾತ್ರೆಯ ಮೂಲಕ ಹೋಗಬೇಕು. ಅಷ್ಟು ಸಪೂರ ಯಾಕೆ ಎಂಬುದರಲ್ಲೇ ಎಲ್ಲ ಇದೆ. ಒಲೆಯ ಕೆಂಡವನ್ನು ಹರಡಿದರೆ ಆರುತ್ತದೆ, ಒಟ್ಟು ಮಾಡಿದರೆ ಉರಿಯುತ್ತದೆ. ಯುರೇನಿಯಂ ಅಣು ಒಡೆದಾಗ ಹಾರುವ ನ್ಯೂಟ್ರಾನ್‌ಗಳ ಕತೆಯೂ ಸುಮಾರಾಗಿ ಹೀಗೇ. ಸಪೂರ ಪಾತ್ರೆಯಲ್ಲಿ ಅವು ಬದಿಯಿಂದ ಹೊರಗೆ ಹೋಗಿಬಿಡುತ್ತವೆ. ಅಗಲ ಪಾತ್ರೆಯಲ್ಲಿ ಸಾಕಷ್ಟು ಯುರೇನಿಯಂ ಸೇರಿದರೆ ಒಂದು ಇನ್ನೊಂದನ್ನು ಒಡೆಯುತ್ತ ಸರಪಳಿ ಕ್ರಿಯೆ ಶುರುವಾಗುತ್ತದೆ. ಅಂದರೆ ಕಾವಲುಗಾರ ಬೇರೆ ಯಾರೂ ಅಲ್ಲ, ಪಾತ್ರೆಯ ಆಕಾರವೇ.

ಆದರೆ ಆ ಕೊಳವೆಯ ಕೆಲಸ ನಿಧಾನ. ಅದರ ತಳದ ನಲ್ಲಿ ನೆಲಕ್ಕೆ ತೀರ ಹತ್ತಿರವಿದ್ದು, ದ್ರಾವಣ ಹಿಡಿಯುವುದೂ ಕಷ್ಟ. ಕಂಪನಿ ಸರ್ಕಾರವನ್ನು ಕೇಳದೆ ತನ್ನದೇ ಕೈಪಿಡಿ ಮಾಡಿಕೊಂಡು, ಸ್ಟೀಲ್ ಬಕೆಟ್ಟಿನಲ್ಲೇ ಯುರೇನಿಯಂ ಕರಗಿಸುವುದಕ್ಕೆ ದಾರಿ ಮಾಡಿಕೊಟ್ಟಿತ್ತು. ಕೆಲಸಗಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೊಳವೆಯನ್ನೇ ಬಿಟ್ಟು, ಕಲಕಲು ಅನುಕೂಲವಾದ ಅಗಲದ ತೊಟ್ಟಿಗೆ ನೇರವಾಗಿ ಸುರಿಯತೊಡಗಿದರು. ಆ ತೊಟ್ಟಿಗೆ ಹಾಕಬಹುದಾಗಿದ್ದ ಯುರೇನಿಯಂ 2.4 ಕಿಲೋ. ಸೆಪ್ಟೆಂಬರ್ 30ರ ಬೆಳಿಗ್ಗೆ 10.35ಕ್ಕೆ ಏಳನೆಯ ಬಕೆಟ್ ಸುರಿಯುವಾಗ ಅದರೊಳಗೆ ಸುಮಾರು 16 ಕಿಲೋ ಸೇರಿತ್ತು. ಸುರಿಯುತ್ತಿದ್ದವರು ಮಸಾತೊ ಶಿನೊಹಾರಾ. ತೊಟ್ಟಿಯ ಪಕ್ಕ ಆಲಿಕೆ ಹಿಡಿದು ನಿಂತಿದ್ದವರು 35 ವರ್ಷದ ಓವುಚಿ. ಮೂರನೆಯವರು ಪಕ್ಕದ ಕೋಣೆಯಲ್ಲಿದ್ದರು. ಒಂದು ನೀಲಿ ಬೆಳಕು ಮಿಂಚಿತು. ಸ್ಫೋಟವಿಲ್ಲ, ಬೆಂಕಿಯಿಲ್ಲ.

ಓವುಚಿ ಅವರ ದೇಹಕ್ಕೆ ತಾಗಿದ್ದು ಸುಮಾರು 17 ಸೀವರ್ಟ್ ಎಂದು ಅಂದಾಜು. ನನ್ನ ಬ್ಯಾಡ್ಜಿನ ಲೆಕ್ಕದಲ್ಲಿ ಹೇಳುವುದಾದರೆ, 850 ವರ್ಷ ದುಡಿದವರಿಗೆ ಸಿಗಬಹುದಾದ ಮಿತಿಯಷ್ಟು ವಿಕಿರಣ.

ಟೋಕಿಯೋ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಬಂದಾಗ ಅವರು ನೋಡಲು ಅಷ್ಟೇನೂ ಕೆಟ್ಟಿರಲಿಲ್ಲ. ಮುಖ ಸ್ವಲ್ಪ ಕೆಂಪಗಾಗಿತ್ತು, ಬಲಗೈ ಊದಿತ್ತು. ನರ್ಸ್‌ಗಳ ಜೊತೆ ಮಾತಾಡುತ್ತಿದ್ದರು. ಆದರೆ ರಕ್ತದಲ್ಲಿ ಲಿಂಫೋಸೈಟ್‌ಗಳು ಮಾಯವಾಗುತ್ತಿದ್ದವು. ಮಜ್ಜೆಯ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ವರ್ಣತಂತುಗಳು ಇದು ಯಾವುದು, ಅದು ಯಾವುದು ಎಂದು ಗುರುತಿಸಲಾಗದಷ್ಟು ತುಂಡಾಗಿದ್ದವು. ದೇಹದ ಕಟ್ಟಡ ಹಾಗೇ ನಿಂತಿತ್ತು, ಅದನ್ನು ಮತ್ತೆ ಕಟ್ಟುವ ನಕ್ಷೆ ಹರಿದುಹೋಗಿತ್ತು.

ವಿಕಿರಣ ಸುಡುವುದಲ್ಲ, ಹೊಸದು ಹುಟ್ಟದಂತೆ ಮಾಡುವುದು. ನಮ್ಮ ಚರ್ಮ, ಕರುಳಿನ ಒಳಪದರ, ರಕ್ತ ಇವೆಲ್ಲ ದಿನವೂ ಸವೆದು ದಿನವೂ ಹುಟ್ಟುತ್ತಿರುತ್ತವೆ. ಓವುಚಿ ಅವರಲ್ಲಿ ಸವೆಯುವುದು ಮಾತ್ರ ನಡೆಯಿತು. ಅಂಟಿಸಿದ ಟೇಪ್ ತೆಗೆದರೆ ಚರ್ಮವೂ ಅದರ ಜೊತೆ ಬಂತು. ಕರುಳು ನೀರನ್ನು ಹಿಡಿದಿಟ್ಟುಕೊಳ್ಳಲಿಲ್ಲ. ತಂಗಿಯ ರಕ್ತದಿಂದ ಪಡೆದ ಆಕರಕೋಶಗಳನ್ನು ಕೊಟ್ಟರು, ಅವು ಒಮ್ಮೆ ಬೇರೂರಿದವು ಕೂಡ. ಆದರೂ ಉಳಿದ ದೇಹ ಕುಸಿಯುತ್ತಲೇ ಹೋಯಿತು. 59ನೆಯ ದಿನ ಹೃದಯ ಮೂರು ಸಲ ನಿಂತಿತು. ಮೂರು ಸಲವೂ ಮತ್ತೆ ನಡೆಸಿದರು. 83ನೆಯ ದಿನ, ಡಿಸೆಂಬರ್ 21ರಂದು ತೀರಿಕೊಂಡರು. ಶಿನೊಹಾರಾ 211 ದಿನ ಹೋರಾಡಿ, 2000ದ ಏಪ್ರಿಲಿನಲ್ಲಿ ಹೋದರು.

ಹುಡುಗರಿಗೆ ಹೇಳಿದರೆ ನಂಬುವುದಿಲ್ಲ, ಮಜ್ಜೆ ಕಸಿಗೆ ಮುಂಚೆ ನಾವೇ ರೋಗಿಯ ಇಡೀ ಮೈಗೆ ವಿಕಿರಣ ಕೊಡುವುದುಂಟು. ಹಲವು ಕಡೆ ಇರುವ ಕ್ರಮ ಒಟ್ಟು 12 ಗ್ರೇ. ಒಮ್ಮೆಲೇ ಕೊಟ್ಟರೆ ಕೊಲ್ಲುವ ಪ್ರಮಾಣ ಅದು. ಆದರೆ ಮೂರು ದಿನಗಳಲ್ಲಿ ಆರು ಕಂತು ಮಾಡಿ, ಶ್ವಾಸಕೋಶಕ್ಕೆ ಮರೆಯಿಟ್ಟು, ಕಂತು ಕಂತಿನ ನಡುವೆ ಕೋಶಗಳಿಗೆ ಸುಧಾರಿಸಿಕೊಳ್ಳಲು ಬಿಡುವು ಕೊಡುತ್ತೇವೆ. ಲೆಕ್ಕವನ್ನು ಒಬ್ಬರು ಹಾಕಿದರೆ ಇನ್ನೊಬ್ಬರು ನೋಡುತ್ತಾರೆ. ಆ ಎರಡನೆಯ ಸಹಿ ಹೊರಗಿನವರಿಗೆ ಬರೀ ಕಾಗದದ ಕೆಲಸದಂತೆ ಕಾಣಬಹುದು. ಅದು ಟೊಕಾಯಿಯ ಸಪೂರ ಕೊಳವೆಯಂಥದ್ದೇ. ನಿಧಾನ, ಕಿರಿಕಿರಿ, ಯಾಕಿದೆಯೆಂದು ಗೊತ್ತಿಲ್ಲದವರಿಗೆ ಬಿಟ್ಟುಬಿಡೋಣ ಅನ್ನಿಸುವಂಥದ್ದು.

ಓವುಚಿ ಅವರನ್ನು ಪ್ರಯೋಗಕ್ಕಾಗಿ ಬದುಕಿಸಿಟ್ಟರು ಎಂದು ವಿಡಿಯೋಗಳು ಹೇಳುತ್ತವೆ. ಅಷ್ಟು ಸುಲಭಕ್ಕೆ ತೀರ್ಪು ಕೊಡಲು ನನಗಾಗುವುದಿಲ್ಲ. ಹೊರಗಿನ ಕೋಣೆಯಲ್ಲಿ ಅವರ ಮನೆಯವರು ಕಾಗದದ ಕೊಕ್ಕರೆ ಮಡಚುತ್ತ ಕೂತಿದ್ದರು, ಸಾವಿರಾರು. ಒಳಗೆ ದಿನವೂ ಗಂಟೆಗಟ್ಟಲೆ ಮೈತುಂಬ ಬಟ್ಟೆ ಬದಲಿಸುತ್ತಿದ್ದ ನರ್ಸ್‌ಗಳಲ್ಲಿ ಕೆಲವರು, ತಾವು ಮಾಡಿದ್ದು ಅವರಿಗೆ ಒಳ್ಳೆಯದಾಯಿತೇ ಎಂದು ಆಮೇಲೂ ಕೇಳಿಕೊಂಡರು. ಅವರ ಆ ಅನುಮಾನದ ಮೇಲೆ ನನಗೆ ಗೌರವವಿದೆ. ಕ್ಯಾನ್ಸರ್ ವಾರ್ಡಿನಲ್ಲಿ ‘ಇನ್ನು ಸಾಕು’ ಅನ್ನುವ ಮಾತು ಯಾರ ಬಾಯಿಂದ ಬರಬೇಕು ಎಂದು ಎಲ್ಲರೂ ಇನ್ನೊಬ್ಬರ ಮುಖ ನೋಡುವುದನ್ನು ಕಂಡವಳು ನಾನು.

2003ರಲ್ಲಿ ನ್ಯಾಯಾಲಯ ಜೆಸಿಓದ ಆರು ಜನರನ್ನು ತಪ್ಪಿತಸ್ಥರೆಂದಿತು. ಯಾರೂ ಜೈಲಿಗೆ ಹೋಗಲಿಲ್ಲ, ಶಿಕ್ಷೆ ಅಮಾನತಿನಲ್ಲಿತ್ತು. ಕಂಪನಿಗೆ 10 ಲಕ್ಷ ಯೆನ್ ದಂಡ ಬಿತ್ತು. ಆ ಆರು ಜನರಲ್ಲಿ ಒಬ್ಬರು, ಪಕ್ಕದ ಕೋಣೆಯಲ್ಲಿದ್ದು ಬದುಕುಳಿದ ಆ ಮೂರನೆಯವರೇ.

ಗೊತ್ತಿಲ್ಲದ ಕೈಗೆ ವಿಕಿರಣ ಸಿಗುವುದು ಜಪಾನಿನ ಕತೆಯಷ್ಟೇ ಅಲ್ಲ. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯ ಹರಾಜಿಗೆ ಹಾಕಿದ ಹಳೆಯ ಯಂತ್ರವೊಂದು ಮಾಯಾಪುರಿಯ ಗುಜರಿ ಅಂಗಡಿ ಸೇರಿತು. ಒಳಗೆ ಕೋಬಾಲ್ಟ್-60 ಇತ್ತು. ಬಿಚ್ಚಿದವರಿಗೆ ಅದು ಬರೀ ಲೋಹ. ಒಬ್ಬರು ಸತ್ತರು, ಹಲವರು ಆಸ್ಪತ್ರೆ ಸೇರಿದರು.

ಟೊಕಾಯಿಯಲ್ಲಿ ಆ ತೊಟ್ಟಿಯೊಳಗಿನ ಕ್ರಿಯೆ ಆ ಬೆಳಿಗ್ಗೆಯೇ ನಿಲ್ಲಲಿಲ್ಲ. ಸುಮಾರು 20 ಗಂಟೆ ನಡೆಯಿತು. 10 ಕಿಲೋಮೀಟರ್ ಸುತ್ತಳತೆಯ ಸುಮಾರು 3 ಲಕ್ಷ ಜನ ಬಾಗಿಲು ಹಾಕಿಕೊಂಡು ಮನೆಯೊಳಗೆ ಕೂತರು. ತೊಟ್ಟಿಯ ಸುತ್ತ ಹರಿಯುತ್ತಿದ್ದ ತಣ್ಣೀರು ನ್ಯೂಟ್ರಾನ್‌ಗಳನ್ನು ಹಿಂದಕ್ಕೆ ತಳ್ಳಿ ಕ್ರಿಯೆಯನ್ನು ಜೀವಂತ ಇಟ್ಟಿತ್ತು. ಆ ನೀರನ್ನು ಖಾಲಿ ಮಾಡಲು ಅದೇ ಕಂಪನಿಯ ಕೆಲಸಗಾರರು ರಾತ್ರಿ ಸರದಿಯಲ್ಲಿ ಹೋದರು. ಪ್ರತಿ ಸರದಿಗೂ ಕೆಲವೇ ನಿಮಿಷ. ಹೋಗುವ ಮುಂಚೆ ಒಳಗೇನಿದೆ, ಎಷ್ಟು ಹೊತ್ತು ನಿಲ್ಲಬಹುದು ಎಂದು ಅವರಿಗೆ ಹೇಳಲಾಗಿತ್ತು. ಬೆಳಿಗ್ಗೆ ಬಕೆಟ್ ಹಿಡಿದವರಿಗೆ ಅದನ್ನು ಯಾರೂ ಸರಿಯಾಗಿ ಹೇಳಿರಲಿಲ್ಲ.